ದಣಿದ ಪೈಲಟ್ ಮತ್ತು ರೇಡಿಯೊ ಮಾತು: ತಪ್ಪು ಕೇಳಿಸಿಕೊಳ್ಳದಿರಲು ಪಾಲಿಸಬೇಕಾದ ಕ್ರಮ

1989ರ ಫೆಬ್ರವರಿ 19ರ ಬೆಳಗಿನ ಜಾವ ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ನೆಲದಲ್ಲಿದ್ದ ವಿಮಾನ ಸಂಚಾರ ನಿಯಂತ್ರಕರು ಅನುಮತಿ ಕೊಟ್ಟರು. ‘ಟೂ ಫೋರ್ ಜೀರೊ ಜೀರೊ’ ಎಂದು ಬಿಡಿಸಿ ಹೇಳಿದ ಆ ಸಂಖ್ಯೆಯ ಮೊದಲ ಅಂಕಿ ಕಾಕ್‌ಪಿಟ್‌ನಲ್ಲಿದ್ದವರ ಕಿವಿಗೆ ಅಂಕಿಯಾಗಿ ಬೀಳದೆ, ‘ಇಷ್ಟು ಎತ್ತರಕ್ಕೆ’ ಎನ್ನುವಾಗ ಬಳಸುವ ‘ಟು’ ಆಗಿ ಬಿತ್ತು. ಅವರು ‘ಫೋರ್ ಜೀರೊ ಜೀರೊ’ ಎಂದು ತಿರುಗಿ ಹೇಳಿದರು. ಆ ತಪ್ಪನ್ನು ಕೆಳಗಿದ್ದವರು ತಿದ್ದಲಿಲ್ಲ. ವಿಮಾನ 400 ಅಡಿಯತ್ತ ಇಳಿಯುತ್ತಾ ಗುಡ್ಡಕ್ಕೆ ಬಡಿದು, ಅದರಲ್ಲಿದ್ದ ನಾಲ್ವರೂ ಸತ್ತರು. ಆ ಅಪಘಾತಕ್ಕೆ ಬೇರೆ ಲೋಪಗಳೂ ಸೇರಿಕೊಂಡಿದ್ದವು. ಆದರೆ ಮೊದಲ ಬಿರುಕು ಬಿಟ್ಟದ್ದು ಒಂದು ಅಂಕಿಯಲ್ಲಿ, ಮತ್ತು ಅದನ್ನು ಹಿಡಿಯಲು ಇದ್ದ ಎರಡು ಅವಕಾಶಗಳೂ ಕೈತಪ್ಪಿದವು.

ರಾತ್ರಿ ಪಾಳಿಗೂ ದೀರ್ಘ ಡ್ಯೂಟಿಗೂ ಹೊಸದಾಗಿ ಕಾಲಿಡುತ್ತಿರುವ ಪೈಲಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದರ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ದಣಿವು ಕಿವಿಯನ್ನು ಮುಚ್ಚುವುದಿಲ್ಲ, ನಾವು ಏನನ್ನು ನಿರೀಕ್ಷಿಸಿದ್ದೆವೋ ಅದನ್ನೇ ಕೇಳಿಸುತ್ತದೆ. ಆದ್ದರಿಂದ ‘ಗಮನವಿಟ್ಟು ಕೇಳು’ ಎಂಬ ಉಪದೇಶದಿಂದ ಹೆಚ್ಚು ಪ್ರಯೋಜನವಿಲ್ಲ. ನಾವು ತಪ್ಪಾಗಿ ನಂಬಿಕೊಂಡದ್ದನ್ನು ಬೇರೊಬ್ಬರು ‘ಇಲ್ಲ’ ಎನ್ನಲು ಸಾಧ್ಯವಾಗುವ ರೀತಿಯಲ್ಲಿ ರೇಡಿಯೊ ಮಾತನ್ನು ರೂಢಿಸಿಕೊಳ್ಳಬೇಕು, ಅದನ್ನೂ ಚೆನ್ನಾಗಿ ನಿದ್ದೆಯಾಗಿರುವ ದಿನಗಳಲ್ಲೇ ರೂಢಿಸಿಕೊಳ್ಳಬೇಕು.

ದಣಿವನ್ನು ಲೆಕ್ಕದಿಂದ ಅಳೆಯಿರಿ, ಅನಿಸಿಕೆಯಿಂದಲ್ಲ

ಸತತ 17 ಗಂಟೆ ಎಚ್ಚರವಾಗಿರುವ ವ್ಯಕ್ತಿಯ ಕಾರ್ಯಕ್ಷಮತೆ, ರಕ್ತದಲ್ಲಿ ಸುಮಾರು ಶೇ 0.05 ಮದ್ಯಸಾರ ಇರುವವನ ಮಟ್ಟಕ್ಕೆ ಇಳಿದಿರುತ್ತದೆ. 24 ಗಂಟೆ ದಾಟಿದರೆ ಅದು ಶೇ 0.1ರ ಮಟ್ಟ ಮುಟ್ಟುತ್ತದೆ. ಕುಡಿದವನಂತೆಯೇ ದಣಿದವನಿಗೂ ತನ್ನ ಸ್ಥಿತಿಯ ಅರಿವು ಕಡಿಮೆ. ‘ನನಗೇನೂ ಆಗಿಲ್ಲ’ ಎಂದು ಹೇಳುವ ಮಿದುಳೇ ದಣಿದಿರುವುದರಿಂದ, ಆ ಮಾತಿಗೆ ಬೆಲೆ ಕೊಡಬಾರದು.

ಅದರ ಬದಲು ಡ್ಯೂಟಿಗೆ ಹೊರಡುವ ಮುಂಚೆ ಮೂರು ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಕಳೆದ 24 ಗಂಟೆಗಳಲ್ಲಿ ಮಾಡಿದ ನಿದ್ದೆ 5 ಗಂಟೆಗಿಂತ ಕಡಿಮೆಯಿದ್ದರೆ, ಕಳೆದ 48 ಗಂಟೆಗಳಲ್ಲಿ ಮಾಡಿದ ನಿದ್ದೆ 12 ಗಂಟೆಗಿಂತ ಕಡಿಮೆಯಿದ್ದರೆ, ಅಥವಾ ಎದ್ದ ಹೊತ್ತಿನಿಂದ ಕೆಲಸ ಮುಗಿಯುವವರೆಗಿನ ಅವಧಿಯು ಆ 48 ಗಂಟೆಗಳ ನಿದ್ದೆಯ ಮೊತ್ತವನ್ನು ಮೀರುವಂತಿದ್ದರೆ, ತಪ್ಪುಗಳ ಸಂಭವ ಹೆಚ್ಚುತ್ತದೆ ಎಂದು ದಣಿವಿನ ಅಧ್ಯಯನಕಾರರು ಗುರುತಿಸಿದ್ದಾರೆ. ಉದಾಹರಣೆಗೆ, ಮೊನ್ನೆ ರಾತ್ರಿ 5 ಗಂಟೆ, ನಿನ್ನೆ ರಾತ್ರಿ 6 ಗಂಟೆ ಮಲಗಿದವರು ತಾವು ಸಾಕಷ್ಟು ನಿದ್ದೆ ಮಾಡಿದ್ದೇವೆಂದೇ ಭಾವಿಸುತ್ತಾರೆ. ಆದರೆ ಒಟ್ಟು 11 ಗಂಟೆಯಾದ್ದರಿಂದ ಎರಡನೆಯ ಗೆರೆಯ ಕೆಳಗೇ ಉಳಿದಿದ್ದಾರೆ. ಬೆಳಿಗ್ಗೆ 7ಕ್ಕೆ ಎದ್ದಿದ್ದರೆ ಸಂಜೆ 6ರ ನಂತರ ಮೂರನೆಯ ಗೆರೆಯನ್ನೂ ದಾಟುತ್ತಾರೆ. ಇದರ ಜೊತೆಗೆ ದೇಹದ ಗಡಿಯಾರವಿದೆ. ಮುಂಜಾವ 2ರಿಂದ 6ರ ನಡುವೆ ಎಚ್ಚರ ತಳ ಮುಟ್ಟುತ್ತದೆ. ಹಲವು ಕಾಲವಲಯಗಳನ್ನು ದಾಟಿ ಬಂದವರು ಸ್ಥಳೀಯ ಗಡಿಯಾರವನ್ನು ನೋಡದೆ ತಮ್ಮ ದೇಹದ ಗಡಿಯಾರದಲ್ಲಿ ಈಗೆಷ್ಟು ಹೊತ್ತು ಎಂದು ಕೇಳಿಕೊಳ್ಳಬೇಕು.

ಲೆಕ್ಕ ಕೆಟ್ಟಿದ್ದರೆ ಡ್ಯೂಟಿಯನ್ನು ಒಲ್ಲೆ ಎನ್ನುವುದೇ ಸರಿಯಾದ ದಾರಿ. ಅದು ಎಲ್ಲ ಕಡೆ ಸುಲಭವಲ್ಲ ಎಂಬುದು ನನಗೆ ಗೊತ್ತಿದೆ. ರೋಸ್ಟರ್‌ನ ಒತ್ತಡ, ಹಿರಿಯರ ಮುಖಭಾವ, ಸಂಬಳದ ಚಿಂತೆ ಎಲ್ಲವೂ ಅಡ್ಡ ಬರುತ್ತವೆ. ಆದರೂ ನಿಯಮದಲ್ಲಿರುವ ಗರಿಷ್ಠ ಡ್ಯೂಟಿ ಅವಧಿಯು ಹಾರಲು ಯೋಗ್ಯರೆಂಬ ಪ್ರಮಾಣಪತ್ರವಲ್ಲ ಎಂಬುದನ್ನು ಮರೆಯಬಾರದು. ಅವಧಿ ಮಿತಿಯೊಳಗಿದ್ದು ಪೈಲಟ್ ಮಿತಿ ಮೀರಿರುವುದು ಸಾಧ್ಯ. ಲೆಕ್ಕ ಗೆರೆಯ ಅಂಚಿನಲ್ಲಿದ್ದು ಹಾರಲು ನಿರ್ಧರಿಸಿದರೆ, ಅದನ್ನು ಬ್ರೀಫಿಂಗ್‌ನಲ್ಲೇ ಜೊತೆಗಾರರಿಗೆ ಹೇಳಿ. ‘ನಾನು ಬೆಳಿಗ್ಗೆ ಐದರಿಂದ ಎಚ್ಚರವಾಗಿದ್ದೇನೆ, ಇಳಿಯುವ ಹೊತ್ತಿನ ಅನುಮತಿಗಳನ್ನು, ಅಂದರೆ ಕ್ಲಿಯರೆನ್ಸ್‌ಗಳನ್ನು ಇಬ್ಬರೂ ಕೇಳೋಣ’ ಎಂಬ ಒಂದೇ ವಾಕ್ಯ ಜೊತೆಗಾರರನ್ನು ಹೆಚ್ಚು ಜಾಗೃತರನ್ನಾಗಿಸುತ್ತದೆ ಮತ್ತು ನಿಮ್ಮನ್ನು ತಿದ್ದಲು ಅವರಿಗೆ ಮೊದಲೇ ಒಪ್ಪಿಗೆ ಕೊಡುತ್ತದೆ.

ರೇಡಿಯೊದಲ್ಲಿ ದಣಿವು ಹೇಗೆ ಕಾಣಿಸಿಕೊಳ್ಳುತ್ತದೆ

ಆಕಳಿಕೆಗಿಂತ ಮುಂಚೆಯೇ ರೇಡಿಯೊದಲ್ಲಿ ಸುಳಿವು ಸಿಗುತ್ತದೆ. ಕರೆ ಬಂದದ್ದು ನಮಗೋ ಬೇರೆಯವರಿಗೋ ಎಂಬ ಅನುಮಾನ ಪದೇ ಪದೇ ಹುಟ್ಟುತ್ತದೆ. ನಿಯಂತ್ರಕರು ಎರಡನೆಯ ಸಲ ಕರೆದಾಗ ಮಾತ್ರ ಉತ್ತರ ಹೋಗುತ್ತದೆ. ಹೊಸ ಫ್ರೀಕ್ವೆನ್ಸಿಯನ್ನು ಸರಿಯಾಗಿ ತಿರುಗಿ ಹೇಳಿದ ಮೇಲೂ ಕೈ ಗುಂಡಿಯ ಮೇಲೆ ಹೋದಾಗ ಕೊನೆಯ ಎರಡು ಅಂಕಿ ನೆನಪಿರುವುದಿಲ್ಲ. ರೀಡ್‌ಬ್ಯಾಕ್, ಅಂದರೆ ಸೂಚನೆಯನ್ನು ತಿರುಗಿ ಹೇಳುವುದು, ಮೊಟಕಾಗುತ್ತದೆ, ವಿಮಾನವನ್ನು ಗುರುತಿಸುವ ಕಾಲ್‌ಸೈನ್ ಬಿಟ್ಟುಹೋಗುತ್ತದೆ, ‘ಕೇಳಿಸಿತು’ ಎಂದಷ್ಟೇ ಅರ್ಥ ಕೊಡುವ ‘ರಾಜರ್’ ಎಂಬ ಪದ ಎಲ್ಲದಕ್ಕೂ ಉತ್ತರವಾಗತೊಡಗುತ್ತದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ‘ನಾನು ರೇಡಿಯೊದಲ್ಲಿ ಹಿಂದೆ ಬೀಳುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ, ಸಾಧ್ಯವಿದ್ದರೆ ರೇಡಿಯೊವನ್ನು ಜೊತೆಗಾರರಿಗೆ ವಹಿಸಿ. ಒಬ್ಬರೇ ಹಾರಿಸುತ್ತಿದ್ದರೆ ನಿಯಂತ್ರಕರಿಗೇ ನಿಧಾನವಾಗಿ, ಒಂದೊಂದಾಗಿ ಸೂಚನೆ ಕೊಡಲು ಕೇಳಿಕೊಳ್ಳಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೆಲವೇ ಸೆಕೆಂಡುಗಳ ಕಿರುನಿದ್ದೆಯೂ ಇದೆ. ಕಣ್ಣು ತೆರೆದೇ ಇರುವಾಗಲೂ ಅದು ಬರಬಲ್ಲದು. ಒಂದು ಸೂಚನೆ ಹೇಳಿ ಮುಗಿಸಲು ಬೇಕಾಗುವುದೂ ಅಷ್ಟೇ ಸಮಯವಾದ್ದರಿಂದ, ಸೂಚನೆಯ ತಲೆ ಮತ್ತು ಬಾಲ ಮಾತ್ರ ಕೇಳಿ, ನಡುಭಾಗವನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ಕೇಳಿ, ಬರೆಯಿರಿ, ಹೊಂದಿಸಿ, ತೋರಿಸಿ

ಬಹುತೇಕ ತಪ್ಪುಗಳು ಸಂಖ್ಯೆಗಳಲ್ಲೇ ಆಗುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 210 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಅದು ಹೆಡಿಂಗ್, ಅಂದರೆ ಡಿಗ್ರಿಗಳಲ್ಲಿ ಹೇಳುವ ದಿಕ್ಕು, ಆಗಬಹುದು, ನಾಟ್‌ಗಳಲ್ಲಿ ವೇಗವಾಗಬಹುದು, ನೂರು ಅಡಿಗಳ ಲೆಕ್ಕದಲ್ಲಿ ಎತ್ತರ ಹೇಳುವ ಫ್ಲೈಟ್ ಲೆವೆಲ್ ಕೂಡ ಆಗಬಹುದು. ಹೆಡಿಂಗ್ 240, ವೇಗ 210, ಎತ್ತರ 7,000 ಅಡಿ ಎಂದು ಮೂರು ಸೂಚನೆ ಒಂದೇ ಉಸಿರಿನಲ್ಲಿ ಬಂದಾಗ, ಚೆನ್ನಾಗಿ ಮಲಗಿ ಎದ್ದ ಮಿದುಳು ಮೂರನ್ನೂ ಮೂರು ಕಡೆ ಇಡುತ್ತದೆ. ದಣಿದ ಮಿದುಳು ಅಂಕಿಗಳನ್ನು ಉಳಿಸಿಕೊಂಡು ಅವು ಯಾವುದಕ್ಕೆ ಸೇರಿದವು ಎಂಬುದನ್ನು ಕಳೆದುಕೊಳ್ಳುತ್ತದೆ. 10,000 ಮತ್ತು 11,000 ಅಡಿಗಳ ಗೊಂದಲವೂ ಹಳೆಯದು. ‘ವನ್ ಜೀರೊ’ ಮತ್ತು ‘ವನ್ ವನ್’ ಕಾಗದದ ಮೇಲೆ ಬೇರೆ ಬೇರೆಯಾಗಿ ಕಂಡರೂ, ಗೊರಗುಟ್ಟುವ ಹೆಡ್‌ಸೆಟ್‌ನಲ್ಲಿ, ಕೆಳಗಿಳಿಯುವ ತವಕದಲ್ಲಿರುವವರಿಗೆ, ಕಡಿಮೆಯ ಸಂಖ್ಯೆಯಾಗಿಯೇ ಕೇಳಿಸುತ್ತವೆ.

ಆದ್ದರಿಂದ ಕ್ರಮ ಹೀಗಿರಲಿ. ರೇಡಿಯೊ ನೋಡಿಕೊಳ್ಳುವ ಪೈಲಟ್ ಕೇಳುತ್ತಿರುವಾಗಲೇ ಬರೆಯಬೇಕು, ಅಂಕಿಯ ಮುಂದೆ ಅದರ ಗುರುತನ್ನೂ ಹಾಕಬೇಕು: ಹೆಡಿಂಗ್‌ಗೆ ಹೆ, ವೇಗಕ್ಕೆ ವೇ, ಎತ್ತರಕ್ಕೆ ಎ, ಅಥವಾ ನಿಮಗೆ ರೂಢಿಯಿರುವ ಯಾವುದೇ ಗುರುತು. ಹಾರಿಸುತ್ತಿರುವ ಪೈಲಟ್ ತಾನು ಕೇಳಿದ ಎತ್ತರವನ್ನು ಆಟೋಪೈಲಟ್ ಫಲಕದಲ್ಲಿ ಹೊಂದಿಸಿ ಬೆರಳನ್ನು ಅಲ್ಲೇ ಇಟ್ಟಿರಬೇಕು. ರೀಡ್‌ಬ್ಯಾಕ್ ಹೋಗುವುದು ಬರೆದುಕೊಂಡ ಕಾಗದದಿಂದ, ನೆನಪಿನಿಂದಲ್ಲ. ಆಮೇಲೆ ಇಬ್ಬರೂ ಪ್ರದರ್ಶಕದಲ್ಲಿರುವ ಅಂಕಿಯನ್ನು ನೋಡಿ, ಓದಿ ಹೇಳಬೇಕು. ಹೀಗೆ ಮಾಡಿದಾಗ ಎರಡು ಕಿವಿಗಳು ಸ್ವತಂತ್ರವಾಗಿ ಕೇಳಿದ್ದು ಒಂದು ಕಡೆ ಮುಖಾಮುಖಿಯಾಗುತ್ತದೆ. ಇದಕ್ಕೆ ಬದಲು ಒಬ್ಬರು ರೀಡ್‌ಬ್ಯಾಕ್ ಮಾಡಿದ್ದನ್ನು ಕೇಳಿ ಇನ್ನೊಬ್ಬರು ಫಲಕದಲ್ಲಿ ಹೊಂದಿಸಿದರೆ, ಅಲ್ಲಿ ಒಂದೇ ಕಿವಿ ಕೆಲಸ ಮಾಡಿದಂತಾಯಿತು.

ಇಬ್ಬರು ಕೇಳಿದ್ದು ಬೇರೆ ಬೇರೆಯಾಗಿದ್ದರೆ ಕಾಕ್‌ಪಿಟ್‌ನೊಳಗೆ ಚರ್ಚಿಸಿ ತೀರ್ಮಾನಿಸಬಾರದು. ಹಿರಿಯರು ಕೇಳಿದ್ದೇ ಸರಿ ಎಂದು ಒಪ್ಪಿಕೊಳ್ಳುವುದಂತೂ ಕೂಡದು. ‘ಸೇ ಅಗೇನ್’ ಎಂದು ನಿಯಂತ್ರಕರನ್ನೇ ಕೇಳಬೇಕು.

ಏನನ್ನು ಕಡ್ಡಾಯವಾಗಿ ತಿರುಗಿ ಹೇಳಬೇಕು ಎಂಬುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ನಿಗದಿ ಮಾಡಿದೆ. ಮಾರ್ಗದ ಕ್ಲಿಯರೆನ್ಸ್, ರನ್‌ವೇ ಪ್ರವೇಶಿಸುವ, ದಾಟುವ, ಅದರಲ್ಲಿ ಇಳಿಯುವ, ಅಲ್ಲಿಂದ ಮೇಲೇರುವ ಮತ್ತು ಅದರ ಹೊರಗೆ ನಿಲ್ಲುವ ಸೂಚನೆಗಳು, ಬಳಕೆಯಲ್ಲಿರುವ ರನ್‌ವೇ, ಎತ್ತರ ತೋರಿಸುವ ಆಲ್ಟಿಮೀಟರ್‌ನ ಹೊಂದಿಕೆ, ರೇಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ಟ್ರಾನ್ಸ್‌ಪಾಂಡರ್ ಕೋಡ್, ಎತ್ತರ, ಹೆಡಿಂಗ್, ವೇಗ ಇವೆಲ್ಲವೂ ಅದರಲ್ಲಿ ಬರುತ್ತವೆ. ಇವುಗಳಿಗೆ ‘ರಾಜರ್’ ಉತ್ತರವಾಗಲಾರದು, ಏಕೆಂದರೆ ನೀವು ಕೇಳಿಸಿಕೊಂಡದ್ದನ್ನು ತಿದ್ದುವ ಅವಕಾಶವನ್ನು ಆ ಪದ ನಿಯಂತ್ರಕರಿಗೆ ಕೊಡುವುದೇ ಇಲ್ಲ. ಮಾತಿನ ವೇಗ ನಿಮಿಷಕ್ಕೆ 100 ಪದ ಮೀರಬಾರದು ಎಂದೂ ಐಕಾವೊ ಹೇಳುತ್ತದೆ. ದಣಿದವರು ಬೇಗ ಮುಗಿಸಿಬಿಡುವ ಆತುರದಲ್ಲಿ ವೇಗ ಹೆಚ್ಚಿಸಿಕೊಳ್ಳುವುದರಿಂದ, ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ಶುರು ಮಾಡುವುದು ಒಳ್ಳೆಯದು. ಹಾಗೆ ಮಾಡಿದರೆ ಮೊದಲ ಅಕ್ಷರವೂ ತುಂಡಾಗುವುದಿಲ್ಲ.

‘ಹೌದು’ ಎನ್ನಿಸುವ ಪ್ರಶ್ನೆ ಕೇಳಬೇಡಿ, ಕಂಡದ್ದನ್ನು ಹೇಳಿ

2017ರ ಜುಲೈ 7ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದದ್ದನ್ನು ಪ್ರತಿಯೊಬ್ಬ ಪೈಲಟ್ ಒಮ್ಮೆಯಾದರೂ ವಿವರವಾಗಿ ಓದಬೇಕೆಂಬುದು ನನ್ನ ಅಭಿಪ್ರಾಯ. ಟೊರಾಂಟೊದಿಂದ ಬಂದ ಏರ್ ಕೆನಡಾದ 759ನೇ ವಿಮಾನ 28 ರೈಟ್ ರನ್‌ವೇಯಲ್ಲಿ ಇಳಿಯಬೇಕಿತ್ತು. ಪಕ್ಕದ 28 ಲೆಫ್ಟ್ ಆ ರಾತ್ರಿ ಮುಚ್ಚಿದ್ದು, ಅದರ ದೀಪಗಳು ಆರಿದ್ದವು. ಎರಡು ರನ್‌ವೇಗಳನ್ನು ಕಾಣುವ ನಿರೀಕ್ಷೆಯಲ್ಲಿದ್ದ ಪೈಲಟ್‌ಗಳಿಗೆ 28 ರೈಟ್ ಎಡಗಡೆಯ ರನ್‌ವೇಯಂತೆಯೂ, ಅದರ ಬಲಕ್ಕಿದ್ದ ಟ್ಯಾಕ್ಸಿವೇ (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ) ತಾವು ಇಳಿಯಬೇಕಾದ ರನ್‌ವೇಯಂತೆಯೂ ಕಂಡಿತು. ಸ್ಥಳೀಯವಾಗಿ ಮಧ್ಯರಾತ್ರಿ ಸಮೀಪಿಸುತ್ತಿತ್ತು, ಅವರ ದೇಹದ ಗಡಿಯಾರದಲ್ಲಿ ಮುಂಜಾವ ಸುಮಾರು 3 ಗಂಟೆ. ಕ್ಯಾಪ್ಟನ್ 19 ಗಂಟೆಗೂ ಹೆಚ್ಚು ಕಾಲದಿಂದ ಎಚ್ಚರವಾಗಿದ್ದರು. ಟ್ಯಾಕ್ಸಿವೇಯಲ್ಲಿ ನಾಲ್ಕು ವಿಮಾನಗಳು ಹೊರಡುವ ಸರದಿಗಾಗಿ ಕಾಯುತ್ತಿದ್ದವು.

ಗಮನಿಸಬೇಕಾದದ್ದು ಮುಂದಿನ ಮಾತುಕತೆಯನ್ನು. ರನ್‌ವೇ ಮೇಲೆ ಏನೋ ದೀಪಗಳು ಕಾಣುತ್ತಿವೆ, ಇಳಿಯಲು ಅನುಮತಿ ಇರುವುದು ಖಚಿತವೇ ಎಂದು ಪೈಲಟ್ ಕೇಳಿದರು. ಅನುಮತಿ ಇದೆ, 28 ರೈಟ್‌ನಲ್ಲಿ ನಿಮ್ಮನ್ನು ಬಿಟ್ಟು ಯಾರೂ ಇಲ್ಲ ಎಂದು ಟವರ್ ಉತ್ತರಿಸಿತು. ಆ ಉತ್ತರದ ಪ್ರತಿಯೊಂದು ಪದವೂ ನಿಜ. 28 ರೈಟ್ ಖಾಲಿಯೇ ಇತ್ತು, ವಿಮಾನ ಮಾತ್ರ ಅದರತ್ತ ಸಾಗಿರಲಿಲ್ಲ. ಟ್ಯಾಕ್ಸಿವೇಯಲ್ಲಿದ್ದ ಒಬ್ಬ ಪೈಲಟ್ ‘ಇವರು ಟ್ಯಾಕ್ಸಿವೇ ಮೇಲೆ ಬರುತ್ತಿದ್ದಾರೆ’ ಎಂದು ರೇಡಿಯೊದಲ್ಲಿ ಎಚ್ಚರಿಸಿದರು. ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲೇರಿದ ವಿಮಾನ ನೆಲದಿಂದ ಸುಮಾರು 60 ಅಡಿಯವರೆಗೆ ಇಳಿದಿತ್ತು.

ದಣಿದ ಮನಸ್ಸು ಅನುಮಾನ ಬಂದಾಗಲೂ ತನ್ನ ನಂಬಿಕೆಗೆ ಮುದ್ರೆ ಒತ್ತಿಸಿಕೊಳ್ಳುವ ಪ್ರಶ್ನೆಯನ್ನೇ ಕೇಳುತ್ತದೆ. ‘ಇಳಿಯಲು ಅನುಮತಿ ಇದೆಯಲ್ಲವೇ’, ‘7,000 ತಾನೇ’, ‘ನಾವು ದಾಟಬಹುದಲ್ಲವೇ’ ಎಂಬಂಥ ಪ್ರಶ್ನೆಗಳಿಗೆ, ಅಷ್ಟೇ ದಣಿದಿರಬಹುದಾದ ನಿಯಂತ್ರಕರು ‘ಹೌದು’ ಎನ್ನುವುದು ಬಹಳ ಸುಲಭ. ಬದಲಿಗೆ ಮೊದಲು ನಿಮಗೆ ಕಂಡದ್ದನ್ನು ಅಥವಾ ನೀವಿರುವ ಸ್ಥಳವನ್ನು ಹೇಳಿ, ಆಮೇಲೆ ಸೂಚನೆಯನ್ನು ಮತ್ತೊಮ್ಮೆ ಕೊಡಲು ಕೇಳಿ. ‘ನಮ್ಮ ಮುಂದಿರುವ ಪಟ್ಟಿಯ ಮೇಲೆ ವಿಮಾನದ ದೀಪಗಳು ಕಾಣುತ್ತಿವೆ’ ಎಂಬ ಮಾತು ನಿಯಂತ್ರಕರ ಕಣ್ಣನ್ನು ಕಿಟಕಿಯತ್ತ ತಿರುಗಿಸುತ್ತದೆ. ‘ನಮಗೆ ನಿಗದಿಯಾದ ಎತ್ತರವನ್ನು ತಿಳಿಸಿ’ ಎಂದು ಕೇಳಿದರೆ ಅವರು ತಮ್ಮ ದಾಖಲೆಯನ್ನು ನೋಡಿ ಸಂಖ್ಯೆಯನ್ನು ತಾವೇ ಹೇಳಬೇಕಾಗುತ್ತದೆ. ಇಳಿಯುವ ಹಂತದಲ್ಲಿ ಅಷ್ಟಕ್ಕೂ ಸಮಯವಿಲ್ಲದಿದ್ದರೆ ಅನುಮಾನವೇ ಉತ್ತರವೆಂದು ತಿಳಿದು, ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್ ಮಾಡಬೇಕು.

1977ರ ಮಾರ್ಚ್ 27ರಂದು ಟೆನೆರಿಫ್‌ನ ಮಂಜಿನಲ್ಲಿ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಮಂದಿ ಸತ್ತ ದುರಂತದಲ್ಲೂ ಇದೇ ಬಗೆಯ ಎಳೆಯಿದೆ. ಡ್ಯೂಟಿ ಅವಧಿ ಮೀರುವ ಆತಂಕದಲ್ಲಿದ್ದ ಕೆಎಲ್‌ಎಂ ಸಂಸ್ಥೆಯ ವಿಮಾನದ ಸಿಬ್ಬಂದಿ ‘ಈಗ ಟೇಕ್‌ಆಫ್‌ನಲ್ಲಿದ್ದೇವೆ’ ಎಂಬ ಅಸ್ಪಷ್ಟ ಮಾತು ಹೇಳಿದರು. ನಿಯಂತ್ರಕರು ಮೊದಲು ‘ಓಕೆ’ ಎಂದು, ತುಸು ತಡೆದು ‘ಟೇಕ್‌ಆಫ್‌ಗೆ ಕಾಯಿರಿ, ಕರೆಯುತ್ತೇನೆ’ ಎಂದರು. ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದಲ್ಲಿದ್ದ ಪ್ಯಾನ್ ಆಮ್ ಸಂಸ್ಥೆಯ ಪೈಲಟ್‌ಗಳು ತಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆಂದು ಹೇಳಿದ್ದರಿಂದ ಎರಡು ಧ್ವನಿಗಳು ಕೂಡಿಕೊಂಡು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ‘ಓಕೆ’ಯ ನಂತರ ಕೇಳಿದ್ದು ಬಹುಪಾಲು ಕೀರಲು ಸದ್ದು. ಆ ಮೇಲೆ ‘ಟೇಕ್‌ಆಫ್’ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಲ್ಲ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು ಎಂಬ ನಿಯಮ ಬಂತು. ಇಂದಿಗೂ ಅದನ್ನು ಅಕ್ಷರಶಃ ಪಾಲಿಸಿ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದದ್ದು ನಿಮ್ಮ ಗಮನಕ್ಕೆ ಬಂದರೆ ‘ಬ್ಲಾಕ್ಡ್’ ಎಂದು ಕೂಡಲೇ ಹೇಳಿ, ಆ ಮಾತು ನಿಮಗೆ ಸಂಬಂಧಿಸಿರದಿದ್ದರೂ.

ಮೌನವನ್ನು ಒಪ್ಪಿಗೆ ಎಂದುಕೊಳ್ಳಬೇಡಿ

ರೀಡ್‌ಬ್ಯಾಕ್ ಮಾಡಿದ ಮೇಲೆ ನಿಯಂತ್ರಕರು ಸುಮ್ಮನಿದ್ದರೆ ಅದು ಸರಿಯಾಗಿತ್ತೆಂದು ನಾವು ಭಾವಿಸುತ್ತೇವೆ. ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಆದರೆ ಅವರು ಆ ಹೊತ್ತಿಗೆ ಇನ್ನೊಂದು ದೂರವಾಣಿಯಲ್ಲಿರಬಹುದು, ಅಥವಾ ಅವರೂ ರಾತ್ರಿ ಪಾಳಿಯ ಕೊನೆಯ ಗಂಟೆಯಲ್ಲಿರಬಹುದು. 2006ರ ಆಗಸ್ಟ್ 27ರ ಮುಂಜಾನೆ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕಾಮ್‌ಏರ್ ವಿಮಾನ ತಪ್ಪು ರನ್‌ವೇಯಿಂದ ಮೇಲೇರಲು ಹೋಗಿ 49 ಮಂದಿ ಸತ್ತರು. ಆಗ ಟವರ್‌ನಲ್ಲಿ ಒಬ್ಬರೇ ಇದ್ದ ನಿಯಂತ್ರಕರು ಹಿಂದಿನ ಪಾಳಿಯ ನಂತರ ಸುಮಾರು ಎರಡೇ ಗಂಟೆ ನಿದ್ದೆ ಮಾಡಿದ್ದರು, ಅನುಮತಿ ಕೊಟ್ಟು ಬೇರೆ ಕೆಲಸಕ್ಕೆ ತಿರುಗಿದ್ದರು. ಆದ್ದರಿಂದ ಸೂಚನೆ ನೀವು ನಿರೀಕ್ಷಿಸದ ರೀತಿಯದ್ದಾಗಿದ್ದರೆ, ನಕ್ಷೆಯಲ್ಲಿರುವ ಕನಿಷ್ಠ ಎತ್ತರಕ್ಕಿಂತ ಕೆಳಗೆ ಕರೆದೊಯ್ಯುವಂತಿದ್ದರೆ, ಅಥವಾ ಅದೇ ಫ್ರೀಕ್ವೆನ್ಸಿಯಲ್ಲಿ ನಿಮ್ಮದನ್ನು ಹೋಲುವ ಕಾಲ್‌ಸೈನ್ ಇದ್ದರೆ, ರೀಡ್‌ಬ್ಯಾಕ್ ಮಾಡಿ ಸುಮ್ಮನಾಗದೆ ಸ್ಪಷ್ಟ ದೃಢೀಕರಣ ಕೇಳಿ. ಕಾಲ್‌ಸೈನ್ ಅನ್ನು ನೀವಾಗಿ ಮೊಟಕುಗೊಳಿಸಬೇಡಿ.

ಕಷ್ಟವನ್ನು ಮೆತ್ತಗೆ ಹೇಳಬೇಡಿ

1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದ ಅವಿಯಾಂಕಾ 52ನೇ ವಿಮಾನದ ಸಿಬ್ಬಂದಿ, ಒಂದು ಗಂಟೆಗೂ ಮೀರಿ ಆಕಾಶದಲ್ಲೇ ಸುತ್ತುತ್ತಾ ಕಾದಿದ್ದರು. ಆದ್ಯತೆ ಬೇಕು ಎಂದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು, ಆದರೆ ತುರ್ತುಸ್ಥಿತಿ ಎಂಬ ಪದವನ್ನು ರೇಡಿಯೊದಲ್ಲಿ ಹೇಳಲೇ ಇಲ್ಲ. 73 ಜನ ಸತ್ತರು. ದೀರ್ಘ ಹಾರಾಟದ ಕೊನೆಯಲ್ಲಿ ಮನುಷ್ಯ ಜಗಳ ಬೇಡವೆಂದು ಮೆತ್ತಗಾಗುತ್ತಾನೆ. ನಿಯಂತ್ರಕರಿಗೆ ತೊಂದರೆ ಕೊಡಬಾರದೆಂಬ ಸೌಜನ್ಯವೂ ಅಡ್ಡ ಬರುತ್ತದೆ. ಈಗ ಇದಕ್ಕೆ ನಿಗದಿತ ಪದಗಳಿವೆ. ಇನ್ನು ಯಾವುದೇ ವಿಳಂಬ ತಾಳಲಾರದ ಸ್ಥಿತಿಗೆ ‘ಮಿನಿಮಮ್ ಫ್ಯೂಯಲ್’ ಎನ್ನಿ. ಇಳಿಯುವ ಹೊತ್ತಿಗೆ, ಕಡ್ಡಾಯವಾಗಿ ಉಳಿದಿರಬೇಕಾದ ಅಂತಿಮ ಮೀಸಲು ಇಂಧನಕ್ಕಿಂತ ಕಡಿಮೆ ಉಳಿಯುವಂತಿದ್ದರೆ ‘ಮೇಡೇ, ಮೇಡೇ, ಮೇಡೇ, ಫ್ಯೂಯಲ್’ ಎನ್ನಿ. ಸೂಚನೆಯನ್ನು ಪಾಲಿಸಲಾಗದಿದ್ದರೆ ‘ಅನೇಬಲ್’ ಎಂಬ ಒಂದೇ ಪದ ಸಾಕು, ಕಾರಣವನ್ನು ಆಮೇಲೆ ಹೇಳಬಹುದು.

ಕುಳಿತಲ್ಲೇ ನಿದ್ದೆ ಮಾಡಬೇಕಾಗಿ ಬಂದಾಗ

ಎರಡು ಪೈಲಟ್‌ಗಳಿರುವ ವಿಮಾನದಲ್ಲಿ ಒಬ್ಬರು ಸರದಿಯಂತೆ ಸ್ವಲ್ಪ ಹೊತ್ತು ಮಲಗುವ ನಿಯಂತ್ರಿತ ವಿಶ್ರಾಂತಿಗೆ ಕೆಲವು ದೇಶಗಳಲ್ಲಿ ಅನುಮತಿ ಇದೆ, ಕೆಲವೆಡೆ ಇಲ್ಲ. ಇರುವ ಕಡೆ ಅದನ್ನು ಬಳಸಿಕೊಳ್ಳಿ. ನಾಸಾ ನಡೆಸಿದ ಪ್ರಯೋಗದಲ್ಲಿ 40 ನಿಮಿಷ ಅವಕಾಶ ಪಡೆದು ಸರಾಸರಿ 26 ನಿಮಿಷ ಮಲಗಿದ ಪೈಲಟ್‌ಗಳು ಇಳಿಯುವ ಹಂತದಲ್ಲಿ ಗಣನೀಯವಾಗಿ ಎಚ್ಚರವಾಗಿದ್ದರು. ಮಲಗುವ ಮುನ್ನ ರೇಡಿಯೊ ಯಾರದ್ದು, ಸದ್ಯ ಜಾರಿಯಲ್ಲಿರುವ ಕ್ಲಿಯರೆನ್ಸ್ ಏನು ಎಂಬುದನ್ನು ಬಾಯಿಬಿಟ್ಟು ಹೇಳಿ ಒಪ್ಪಿಸಿ, ಕ್ಯಾಬಿನ್ ಸಿಬ್ಬಂದಿಗೆ ತಿಳಿಸಿ, ನಿಗದಿತ ಹೊತ್ತಿಗೆ ಅವರಿಂದ ಕರೆ ಬರುವಂತೆ ನೋಡಿಕೊಳ್ಳಿ. 2008ರಲ್ಲಿ ಹವಾಯಿಯ ಒಂದು ಕಿರು ಹಾರಾಟದಲ್ಲಿ ಇಬ್ಬರೂ ಪೈಲಟ್‌ಗಳು ನಿದ್ದೆ ಹೋಗಿ, ನಿಯಂತ್ರಕರ ಕರೆಗಳಿಗೆ ಸುಮಾರು 18 ನಿಮಿಷ ಉತ್ತರವಿಲ್ಲದೆ, ಇಳಿಯಬೇಕಾದ ಊರನ್ನೇ ದಾಟಿ ಹೋಗಿದ್ದರು.

ಎದ್ದ ಮೇಲಿನ ಅರ್ಧ ಗಂಟೆ ಅಪಾಯದ ಹೊತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತದ ತನಿಖೆಯಲ್ಲಿ, ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿದ್ದರು, ಎದ್ದ ನಂತರದ ನಿದ್ದೆಯ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂದು ದಾಖಲಾಗಿದೆ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದಾಗ, ಇಳಿಯುವ ಹಾದಿಗೆ ಸರಿಯಾಗಿ ಸೇರಿದ್ದೀರಾ ಎಂದು ಟವರ್ ಕೇಳಿದ ಪ್ರಶ್ನೆಗೆ ‘ಹೌದು’ ಎಂಬ ಉತ್ತರವೇ ಹೋಯಿತು. ಆದ್ದರಿಂದ ವಿಶ್ರಾಂತಿ ಇಳಿಯಲು ಆರಂಭಿಸುವುದಕ್ಕಿಂತ ಕನಿಷ್ಠ 30 ನಿಮಿಷ ಮುಂಚೆ ಮುಗಿಯಬೇಕು. ಎದ್ದವರು ಮೊದಲು ಬ್ರೀಫಿಂಗ್ ಕೇಳಿಸಿಕೊಂಡು, ಕ್ಲಿಯರೆನ್ಸ್‌ಗಳನ್ನು ಕಾಗದದಲ್ಲಿ ನೋಡಿ, ಆಮೇಲೆ ರೇಡಿಯೊ ಮುಟ್ಟಬೇಕು. ಕಾಫಿಯನ್ನು ನಂಬುವವರು ಅದರ ಪರಿಣಾಮ ತೋರಲು 20ರಿಂದ 30 ನಿಮಿಷ ಬೇಕೆಂಬುದನ್ನೂ, ಅದರ ಅರ್ಧಾಂಶ ಸುಮಾರು 5 ಗಂಟೆ ದೇಹದಲ್ಲೇ ಉಳಿದು ಮುಂದಿನ ನಿದ್ದೆಯನ್ನು ಕದಿಯುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇಳಿದ ಮೇಲೆ

ಸೂಚನೆಯನ್ನು ತಪ್ಪು ಕೇಳಿಸಿಕೊಂಡು ಯಾರಿಗೂ ಏನೂ ಆಗದೆ ಮುಗಿದುಹೋದ ಪ್ರಸಂಗಗಳನ್ನು ಸಂಸ್ಥೆಯ ಸುರಕ್ಷತಾ ವಿಭಾಗಕ್ಕೆ ವರದಿ ಮಾಡಿ, ಅದೂ ಮಲಗುವ ಮುಂಚೆಯೇ ಒಂದು ಚಿಕ್ಕ ಟಿಪ್ಪಣಿಯಾದರೂ ಬರೆದಿಟ್ಟುಕೊಂಡು. ‘ದಣಿವಾಗಿತ್ತು’ ಎಂದಷ್ಟೇ ಬರೆದರೆ ಆ ವರದಿಯಿಂದ ರೋಸ್ಟರ್ ಬದಲಾಗುವುದಿಲ್ಲ. ಎಷ್ಟು ಹೊತ್ತಿಗೆ ಎದ್ದಿರಿ, ಕಳೆದ ಎರಡು ರಾತ್ರಿಗಳಲ್ಲಿ ಎಷ್ಟು ಮಲಗಿದ್ದಿರಿ, ಡ್ಯೂಟಿಯ ಎಷ್ಟನೇ ಗಂಟೆಯಲ್ಲಿ ಪ್ರಸಂಗ ನಡೆಯಿತು, ನಿಮ್ಮ ದೇಹದ ಗಡಿಯಾರದಲ್ಲಿ ಆಗೆಷ್ಟು ಹೊತ್ತು, ಫ್ರೀಕ್ವೆನ್ಸಿ ಯಾವುದು, ನಿಯಂತ್ರಕರು ಹೇಳಿದ್ದೇನು, ನಿಮಗೆ ಕೇಳಿದ್ದೇನು, ನೀವು ತಿರುಗಿ ಹೇಳಿದ್ದೇನು, ತಪ್ಪನ್ನು ಹಿಡಿದವರು ಯಾರು ಎಂಬುದಷ್ಟನ್ನೂ ಬರೆಯಿರಿ. ಹೋಲುವ ಕಾಲ್‌ಸೈನ್‌ಗಳಿಂದ ಗೊಂದಲವಾಗಿದ್ದರೆ ಎರಡನ್ನೂ ಪೂರ್ತಿಯಾಗಿ ನಮೂದಿಸಿ, ಏಕೆಂದರೆ ವೇಳಾಪಟ್ಟಿ ಸಿದ್ಧಪಡಿಸುವವರು ಅವುಗಳಲ್ಲಿ ಒಂದನ್ನು ಬದಲಿಸಲು ಸಾಧ್ಯವಾಗುವುದು ಅಂಥ ವರದಿ ಕೈಗೆ ಬಂದಾಗ ಮಾತ್ರ.